ಹಬೆಯಲ್ಲೊಂದು ಬೆಳಕಿನ ಕಂಬ

ಕ್ಯಾಮೆರಾದ ಪಟ್ಟಿ ಊಟದ ಚೀಲದಿಂದ ಗೇಣುದ್ದ ಹೊರಗೆ ಇಣುಕದಿದ್ದರೆ ಆ ದಿನ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಡಬ್ಬಿಯ ಕೆಳಗೆ ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ಮಲಗಿಸಿದ ಹಾಗೆ ಇಟ್ಟು ತಂದಿದ್ದಳು. ಪಟ್ಟಿ ಮಾತ್ರ ಹೇಳಿದ ಮಾತು ಕೇಳಲಿಲ್ಲ.

ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವಳು ಎಣಿಕೆಯವಳು. ಬಂದ ಹಾಸು ಎಷ್ಟು, ಹೋದ ಹಾಸು ಎಷ್ಟು, ದಿಂಬಿನ ಚೀಲ ಎಲ್ಲಿ ತಪ್ಪಿಸಿಕೊಂಡಿತು, ಇಷ್ಟೇ ಅವಳ ಪ್ರಪಂಚ. ಬಾಯಿ ಬಿಟ್ಟರೆ ಎಣಿಕೆ ತಪ್ಪುತ್ತದೆಂದು ಸುಮ್ಮನಿರಲು ಕಲಿತವಳಿಗೆ ಆಮೇಲೆ ಅದೇ ಸ್ವಭಾವವಾಗಿ ಕೂತಿತ್ತು. ಕ್ಯಾಮೆರಾ ಕೊಂಡು ವರ್ಷವಾಗುತ್ತ ಬಂದಿತ್ತು. ಅದನ್ನು ಹಿಡಿಯಲು ಪುರುಸೊತ್ತು ಮಾತ್ರ ಸಿಕ್ಕಿರಲಿಲ್ಲ. ಬೆಳಿಗ್ಗೆ ಮನೆಗೆಲಸ, ಹಗಲೆಲ್ಲ ಹಾಸು, ಮನೆ ಮುಟ್ಟುವಷ್ಟರಲ್ಲಿ ಕತ್ತಲೆ. ರಜೆಯ ದಿನ ಕೈಗೆತ್ತಿಕೊಂಡರೆ ಅಮ್ಮ, "ಒಂದು ಕಣ್ಣು ಮುಚ್ಕೊಂಡು ಏನ್ ನೋಡ್ತೀಯೇ, ಎರಡೂ ಬಿಟ್ಕೊಂಡು ಈ ಕಾಳು ಆರಿಸ್ಕೊಡು" ಎನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದುದು ಒಂದೇ ಒಂದು ಫೋಟೋ. ಮಧ್ಯಾಹ್ನ ಇಳಿಯುವ ಹೊತ್ತಿಗೆ, ಇಸ್ತ್ರಿ ಹಾಲಿನಲ್ಲಿ ಹಬೆ ಏಳುವಾಗ, ಮೇಲೆ ಎಲ್ಲಿಂದಲೋ ಬಿಸಿಲು ನುಗ್ಗಿ ಹಬೆಯ ನಡುವೆ ಕಂಬದ ಹಾಗೆ ನಿಲ್ಲುತ್ತಿತ್ತು. ತಬ್ಬಿಕೊಳ್ಳಬಹುದು ಅನ್ನಿಸುವಂಥ ಕಂಬ. ಹಾಸುಗಳ ಹೊರೆ ಹೊತ್ತವರು ಅದರೊಳಗೆ ಹೊಕ್ಕರೆ ಒಂದು ಕ್ಷಣ ಬೆಳ್ಳಿಯಾಗಿ, ಆಚೆ ಬಂದಾಗ ಮತ್ತೆ ಮಾಮೂಲಿನ ಬೆವರಿನ ಮನುಷ್ಯರಾಗುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ದೊಡ್ಡ ಹೋಟೆಲೊಂದರ ಹಾಸು ತುಂಬಿಕೊಂಡು ಲಾಂಡ್ರಿಯ ವ್ಯಾನ್ ಗೇಟಿಗೆ ಬಂದು ಹಾರನ್ ಹೊಡೆಯುತ್ತಿತ್ತು. ಅವಳು ಎಣಿಸಲು ಓಡುತ್ತ, ಕತ್ತು ತಿರುಗಿಸಿದಷ್ಟು ಹೊತ್ತು ಮಾತ್ರ ಅದನ್ನು ನೋಡಿದ್ದಳು. ಇನ್ನು ಕೆಲವೇ ದಿನಗಳಲ್ಲಿ ಸೂರ್ಯ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಹಿಂದೆ ಸರಿದರೆ ಮತ್ತೆ ಮುಂದಿನ ವರ್ಷವೇ.

ಇವತ್ತು ಆ ಹೋಟೆಲಿಗೆ ಸುಣ್ಣಬಣ್ಣ. ಮಧ್ಯಾಹ್ನ ವ್ಯಾನ್ ಹೊರಡುವುದಿಲ್ಲ. ರಾತ್ರಿಯೆಲ್ಲ ಅವಳಿಗೆ ನಿದ್ದೆ ಬಂದಿರಲಿಲ್ಲ.

"ಏನೇ ಇದು, ನಿನ್ನ ಚೀಲಕ್ಕೆ ಬಾಲ ಬಂದಿದೆ" ಎನ್ನುತ್ತಲೇ ಇಸ್ತ್ರಿ ಅಕ್ಕ ಪಟ್ಟಿ ಹಿಡಿದು ಎಳೆದಳು. ಕ್ಯಾಮೆರಾ ಬಯಲಿಗೆ ಬಂತು.

"ಅಕ್ಕಾ, ಮೆತ್ತಗೆ..."

"ನಂದೊಂದು ತೆಗಿ. ನನ್ನ ಫೋಟೋ ಅಂತ ಇರೋದು ಮದುವೇದೊಂದೇ. ಅದರಲ್ಲೂ ಅರ್ಧ ಮುಖ ನಮ್ಮೆಜಮಾನ್ರ ಹೆಗಲ ಹಿಂದೆ."

ಹೀಗಂದ ಮೇಲೆ ಇಲ್ಲವೆನ್ನಲು ಯಾರಿಗೆ ಮನಸ್ಸು ಬಂದೀತು? ಅಕ್ಕ ಮುಖ ತೊಳೆದು ಬಂದಳು. ತಲೆ ಬಾಚಿ ಬಂದಳು. ಬೈತಲೆ ಸೊಟ್ಟಗಾಯಿತೆಂದು ಮತ್ತೆ ಹೋದಳು. ಕೊನೆಗೆ ಕ್ಯಾಮೆರಾದ ಮುಂದೆ ನಿಂತಾಗ, ಹಲ್ಲು ಕೀಳಿಸಿಕೊಳ್ಳಲು ಕೂತವರ ಹಾಗೆ ಬಿಗಿದುಕೊಂಡಳು.

ಅಷ್ಟರಲ್ಲಿ, ಕೆಲಸವಿಲ್ಲದೆ ಆಕಳಿಸುತ್ತಿದ್ದ ವ್ಯಾನ್ ಡ್ರೈವರನಿಗೆ ಸುದ್ದಿ ಮುಟ್ಟಿತು. ಅವನನ್ನು ಎಲ್ಲರೂ ಹೀರೋ ಎಂದೇ ಕರೆಯುತ್ತಿದ್ದರು. ಅವನೂ ಅದನ್ನು ತಮಾಷೆಯೆಂದು ತಿಳಿದಿರಲಿಲ್ಲ. ವ್ಯಾನಿಗೆ ಒರಗಿ, ಒಂದು ಕಾಲು ಚಕ್ರದ ಮೇಲಿಟ್ಟು ನಿಂತ.

"ವ್ಯಾನ್ ಪೂರ್ತಿ ಬರ್ಲಿ ತಂಗಿ. ಹೊಟ್ಟೆ ಮಾತ್ರ ಬರಬಾರದು."

ಹೊಟ್ಟೆ ಬಿಟ್ಟರೆ ನೀವೇ ಉಳಿಯಲ್ಲ ಅಣ್ಣ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ನೆಲದ ಮೇಲೆ ಕೂತು ತೆಗೆದಳು, ಏಣಿ ಹತ್ತಿ ತೆಗೆದಳು. ಹೊಟ್ಟೆ ಎಲ್ಲದರಲ್ಲೂ ಮೊದಲು ಬಂದು ನಿಂತಿತ್ತು.

"ಏನ್ ನಡೀತಿದೆ ಇಲ್ಲಿ?"

ಮ್ಯಾನೇಜರ ದನಿ ಕೇಳಿ ಹೀರೋ ವ್ಯಾನಿನೊಳಗೆ ಮಾಯವಾದ. ಏಣಿಯ ಮೇಲೆ ಉಳಿದವಳು ಅವಳೊಬ್ಬಳೇ.

"ಕ್ಯಾಮೆರಾ ಇದೆ ಅಂತ ಒಂದು ಮಾತು ಹೇಳ್ಬಾರದೇನಮ್ಮ?" ಮ್ಯಾನೇಜರ ಮುಖದಲ್ಲಿ ಕೋಪದ ಬದಲು, ಕಳೆದುಹೋದ ಬೀಗದ ಕೈ ಸಿಕ್ಕಂಥ ಸಂತೋಷ. "ಒಗೆದು ಕಳಿಸಿದ ಹಾಸಿನ ಮೇಲೆ ಕಂದು ಚುಕ್ಕೆ ಇದೆ ಅಂತ ಹೋಟೆಲಿನವರು ದಿನಾ ನನ್ನ ಪ್ರಾಣ ತಿಂತಾರೆ. ನಿಮ್ಮದೇ ಕೊಳೆ ಅಂದ್ರೆ ಸಾಕ್ಷಿ ಎಲ್ಲಿ ಅಂತಾರೆ. ಬಾ, ಒಗೆಯೋಕೆ ಬಂದ ಹಾಸಿನ ಎಲ್ಲಾ ಕೊಳೆದೂ ಫೋಟೋ ತೆಗಿ."

ಹೀಗೆ ಅವಳ ಕ್ಯಾಮೆರಾ ಮೊದಲ ಸಲ ಉದ್ಯೋಗಕ್ಕೆ ಸೇರಿತು. ಕಾಫಿಯ ಕಲೆ, ಎಣ್ಣೆಯ ಕಲೆ, ತುಟಿಯ ಬಣ್ಣ, ನಕಾಶೆಯಲ್ಲಿನ ದ್ವೀಪಗಳಂತೆ ಹರಡಿಕೊಂಡ ಏನೇನೋ. ಒಂದೊಂದು ಹಾಸನ್ನೂ ಮ್ಯಾನೇಜರೇ ಎತ್ತಿ ಹಿಡಿದು, "ಹತ್ತಿರದಿಂದ... ಈಗ ಈ ಮೂಲೆ..." ಎನ್ನುತ್ತಿದ್ದರು. ರಾಶಿ ಕರಗಲೇ ಇಲ್ಲ. ಆಚೆ ಇಸ್ತ್ರಿ ಹಾಲಿನಲ್ಲಿ ಹಬೆ ಬಿಡುವ ಸದ್ದು ಬಂತು. ಬಾಗಿಲ ಸಂದಿಯಲ್ಲಿ ಹೊಳಪೊಂದು ಹಾಯಿತು. ಅವಳು ಕ್ಯಾಮೆರಾ ಕೆಳಗಿಳಿಸಿದಳು.

"ಸರ್, ಒಂದು ಸ್ವಲ್ಪ ಹೊತ್ತು ಬಿಡ್ತೀರಾ?"

ಆ ಮಾತು ಮಿಷನ್ನಿನ ಸದ್ದಿನಲ್ಲಿ ಮುಳುಗಿತು. ಅವಳು ಜೀವಮಾನದಲ್ಲೇ ಮೊದಲ ಬಾರಿಗೆ ದನಿ ಏರಿಸಿದಳು. "ಸರ್, ಇಸ್ತ್ರಿ ಹಾಲಲ್ಲಿ ಒಂದು ಫೋಟೋ ತೆಗೀಬೇಕು."

"ಅಲ್ಲೂ ಕೊಳೆನಾ?"

ಬೆಳಕು ಎಂದರೆ ನಗುತ್ತಾರೆ. ಕಂಬ ಎಂದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ. "ಹ್ಞೂಂ ಸರ್" ಎಂದುಬಿಟ್ಟಳು. "ದೊಡ್ಡದು."

ಓಡಿದಳು. ಕಂಬ ನಿಂತಿತ್ತು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವಳು ಅದನ್ನು ನೋಡಿಯೇ ಇರಲಿಲ್ಲ. ಒಳಗೆ ಹಬೆ ನಿಧಾನವಾಗಿ ಸುರುಳಿ ಸುತ್ತುತ್ತಿತ್ತು, ಯಾರೋ ನಿದ್ದೆಯಲ್ಲಿ ಉಸಿರಾಡುವ ಹಾಗೆ. ಕ್ಯಾಮೆರಾ ಎತ್ತಿ, ಉಸಿರು ಬಿಗಿಹಿಡಿದು, ಗುಂಡಿ ಒತ್ತಿದಳು.

"ನನ್ನೂ ಸೇರಿಸ್ಕೊಳೇ" ಎಂದು ಇಸ್ತ್ರಿ ಅಕ್ಕ ಅದೇ ಗಳಿಗೆಯಲ್ಲಿ ಅಡ್ಡ ಬಂದಳು.

ಇನ್ನೊಂದು ಸಲ ಎತ್ತುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಕ್ಯಾಮೆರಾ ತೆಗೆದುಕೊಂಡಿತು. ದೊಡ್ಡ ಕೊಳೆಯೆಂದ ಮೇಲೆ ಮ್ಯಾನೇಜರು ನೋಡದೆ ಬಿಡುತ್ತಾರೆಯೇ?

"ಎಲ್ಲಮ್ಮ ಕೊಳೆ? ಇದರಲ್ಲಿ ಬರೀ ತುರುಬಿದೆಯಲ್ಲ." ಅವರು ಚಿತ್ರವನ್ನು ಹಿಗ್ಗಿಸಿದರು. ಅಕ್ಕನ ತುರುಬಿನ ಹಿಂದೆ ಕಂಬದ ಅಂಚು, ಅದರ ಮೇಲೆ ಸೂರು, ಸೂರಿನ ಕೆಳಗೆ ಕಪ್ಪು ಹಿಡಿದ ಗಾಜುಗಳ ಸಾಲು. ಸಾಲಿನಲ್ಲಿ ಒಂದು ಕಡೆ ಗಾಜೇ ಇರಲಿಲ್ಲ; ಬಿಸಿಲು ನುಗ್ಗುತ್ತಿದ್ದುದು ಅಲ್ಲಿಂದಲೇ. ಆ ಜಾಗದಲ್ಲಿ ಕೂತ ಪಾರಿವಾಳ ಮಾತ್ರ ಕಣ್ಣು ರೆಪ್ಪೆ ಸಮೇತ ಅಚ್ಚುಕಟ್ಟಾಗಿ ಬಂದಿತ್ತು.

ಮ್ಯಾನೇಜರು ತಲೆಯೆತ್ತಿ ಸೂರು ನೋಡಿದರು. ತಲೆ ತಗ್ಗಿಸಿ, ಅದರ ನೇರಕ್ಕೆ ಒಪ್ಪವಾಗಿ ಜೋಡಿಸಿಟ್ಟಿದ್ದ ಇಸ್ತ್ರಿಯಾದ ಹಾಸುಗಳನ್ನು ನೋಡಿದರು. ಮೇಲಿನ ಹಾಸಿನ ಮೇಲೆ ಹೊಚ್ಚ ಹೊಸ ಕಂದು ಚುಕ್ಕೆ.

"ಅಯ್ಯೋ ನನ್ನ ಕರ್ಮವೇ. ಇಷ್ಟು ದಿನ ಹೋಟೆಲಿನವರ ಜೊತೆ ಜಗಳ ಆಡಿದ್ದು ಈ ಹಕ್ಕಿಗೋಸ್ಕರನಾ? ಫಿಟ್ಟರ್, ಏಣಿ ತಗೊಂಡ್ಬಾರಯ್ಯ. ತಗಡೂ ತಗೊಂಡ್ಬಾ."

"ಸರ್, ನಾಳೆ ಮುಚ್ಚಿದ್ರಾಗಲ್ವಾ?"

"ನಾಳೆವರೆಗೂ ಅದು ಸುಮ್ನೆ ಕೂತಿರತ್ತೇನಮ್ಮ?"

"ಹಾಗಾದ್ರೆ ಕ್ಯಾಮೆರಾ ಒಂದು ನಿಮಿಷ ಕೊಡಿ ಸರ್."

"ಇರಮ್ಮ, ಮಾಲೀಕರಿಗೆ ತೋರಿಸ್ಬೇಕು. ಎಂಥಾ ಕಣ್ಣು ನಿಂದು. ನಾವ್ಯಾರೂ ನೋಡಿರ್ಲಿಲ್ಲ." ಅವರು ಕ್ಯಾಮೆರಾವನ್ನು ಎದೆಗವಚಿಕೊಂಡು ಆಫೀಸಿನತ್ತ ಹೊರಟವರು, ಬಾಗಿಲಲ್ಲಿ ತಿರುಗಿ ನಿಂತರು. "ನಾಳೆಯಿಂದ ಮಧ್ಯಾಹ್ನದ ಎಣಿಕೆ ಹೀರೋನೇ ನೋಡ್ಕೊಳ್ಲಿ. ಆ ಹೊತ್ತೆಲ್ಲಾ ನಿಂದೇ. ಇದೇ ಹಾಲಲ್ಲಿ ನಿಂತ್ಕೊಂಡು ಎಷ್ಟು ಬೇಕೋ ಅಷ್ಟು ಫೋಟೋ ತೆಗಿ."

ವರ್ಷವಿಡೀ ಅವಳು ಕನಸಿನಲ್ಲಿ ಕೇಳಿಸಿಕೊಂಡಿದ್ದ ಮಾತು ಅದು.

ಮೇಲೆ ಫಿಟ್ಟರ್ ತಗಡು ಸರಿಸುತ್ತಿದ್ದ. ಕಂಬ ಕೋಲಾಯಿತು, ಕೋಲು ದಾರವಾಯಿತು. ಅವಳು ಅಂಗೈ ಚಾಚಿದಳು. ದಾರ ಒಂದಿಷ್ಟು ಹೊತ್ತು ಅಂಗೈಯಲ್ಲಿ ಬೆಚ್ಚಗೆ ಕೂತಿದ್ದು, ಮೊಳೆಯ ಮೇಲೆ ಸುತ್ತಿಗೆ ಬಿದ್ದ ಸದ್ದಿಗೆ ಇಲ್ಲವಾಯಿತು.

"ಎಲ್ಲಾದ್ರೂ ಇನ್ನೂ ಬೆಳಕು ಬರ್ತಾ ಇದೆಯೇನಮ್ಮ?" ಫಿಟ್ಟರ್ ಏಣಿಯ ಮೇಲಿಂದ ಕೂಗಿ ಕೇಳಿದ.

ಅವಳು ಹಬೆಯನ್ನು ಒಂದು ಸಲ ಪೂರ್ತಿಯಾಗಿ ನೋಡಿದಳು.

"ಇಲ್ಲಣ್ಣ" ಎಂದಳು. "ಚೆನ್ನಾಗಿ ಮುಚ್ಚಿದ್ದೀರ."