ಡೇರೆ ಗಡ್ಡೆಗಳ ಶೀತವಿಮೋಚನಾ ಚಳವಳಿ

ಹೆಂಡತಿಯ ಡೇರೆ ಹೂವಿನ ಗಿಡಗಳನ್ನು ಕಾಪಾಡುವುದು ನನಗೆ ಕಷ್ಟದ ಕಾರ್ಯವೆಂದು ತೋರಲಿಲ್ಲ. ಬಾಲ್ಯವಿವಾಹ, ವರದಕ್ಷಿಣೆ, ಹೆಂಡದಂಗಡಿ ಇವೆಲ್ಲದರ ವಿರುದ್ಧ ಹಾಸನದ ಬೀದಿಬೀದಿಗಳಲ್ಲಿ ಭಾಷಣ ಮಾಡಿದವನು ನಾನು. ಅನಿಷ್ಟಗಳು ಹಾಗೇ ಉಳಿದವು, ಗಂಟಲು ಕಟ್ಟಿತು. ದಣಿದಿದ್ದೆ. ಮಾತಿಗೆ ಎದುರಾಡದ ಗಿಡಗಳು ಒಂದು ಬಗೆಯ ವಿಶ್ರಾಂತಿಯೇ!

ರಾಜಮ್ಮ ತಂಗಿಯ ಬಾಣಂತನಕ್ಕೆ ಅರಕಲಗೂಡಿಗೆ ಹೊರಟಿದ್ದಳು. ವರ್ಷಗಟ್ಟಲೆ ಕಾದ ಮೇಲೆ ಮೊದಲ ಬಾರಿಗೆ ಅವಳ ಡೇರೆ ಮೊಗ್ಗು ಕಟ್ಟಿತ್ತು. ಬಸ್ಸಿನ ಕಿಟಕಿಯಿಂದಲೇ ಕೂಗಿದಳು:

"ಸಂಕ್ರಾಂತಿಗೆ ನಾನು ಬರೋ ಹೊತ್ತಿಗೆ ಹೂ ಬಿಟ್ಟಿರುತ್ತೆ. ದಿನಾ ಒಂದು ಚೊಂಬು ನೀರು ಹಾಕಿ. ಇನ್ನೇನೂ ಮಾಡ್ಬೇಡಿ, ದಮ್ಮಯ್ಯ!"

ಇದ್ದಿಲು ಉರಿಸಿ ಓಡುವ ಬಸ್ಸು ಕೆಮ್ಮುತ್ತ ಹೊರಟಿತು.

ಏನೂ ಮಾಡದಿರುವುದು ಸುಧಾರಕನಿಗೆ ಒಗ್ಗುವುದಿಲ್ಲ. ವಾಚನಾಲಯದಲ್ಲಿ ಸಿಕ್ಕಿದ ಇಂಗ್ಲೆಂಡಿನ ತೋಟಗಾರಿಕೆ ಪುಸ್ತಕವೊಂದು, ಚಳಿ ಬಿಗಿಯುವ ಮುನ್ನ ಗಡ್ಡೆಗಳನ್ನು ಅಗೆದು ಒಣಮರಳಿನಲ್ಲಿ ಹೂತಿಡದಿದ್ದರೆ ಅವು ಹೆಪ್ಪುಗಟ್ಟಿ ಸಾಯುವುವೆಂದು ಸಾರಿತ್ತು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ನಿಂತು ಉಸಿರು ಬಿಟ್ಟೆ. ಬಾಯಿಂದ ಹೊಗೆ ಬಂತು. ಇನ್ನೆಂಥ ಸಾಕ್ಷ್ಯ ಬೇಕು!

ಗುದ್ದಲಿ ಹಿಡಿದೆ. ಪಕ್ಕದ ಮನೆಯ ಜವಳಿ ವ್ಯಾಪಾರಿ ನಂಜಪ್ಪನವರು ಬೇಲಿಯಾಚೆಯಿಂದ ಇಣುಕಿದರು.

"ಏನ್ ಮೇಷ್ಟ್ರೇ, ಮೊಗ್ಗಾಗಿರೋ ಗಿಡ ಕೀಳ್ತಾ ಇದ್ದೀರಲ್ಲ?"

"ಶೀತದ ದಬ್ಬಾಳಿಕೆಯಿಂದ ಬಿಡುಗಡೆ ಮಾಡ್ತಿದ್ದೀನಿ."

"ಅಂಗಾ? ರಾಜಮ್ನೋರು ಬಂದ್ಮ್ಯಾಲೆ ನಿಮ್ಮನ್ ಬುಡಿಸ್ಕಳಾಕೆ ಯಾರ್ ಬತ್ತಾರೆ?"

ಅಜ್ಞಾನದೊಡನೆ ವಾದ ಸಲ್ಲದು. ಮೊಗ್ಗುಗಳನ್ನು ಕಾಂಡಸಮೇತ ಕತ್ತರಿಸಿ ಎಸೆದು, ಗಡ್ಡೆಗಳನ್ನು ಮರಳಿನ ಮಡಕೆಯಲ್ಲಿ ಹೂತು ಅಟ್ಟಕ್ಕೇರಿಸಿದೆ. ಸೊಂಟ ಹಿಡಿಯಿತು. ಆದರ್ಶಕ್ಕೆ ತ್ಯಾಗ ಸಹಜ.

ಹಬ್ಬದ ಅಡುಗೆಗೆಂದು ಹಳ್ಳಿಮೈಸೂರಿನಿಂದ ಅಕ್ಕ ಬಂದಳು. ಸಂಕ್ರಾಂತಿಯ ದಿನ ತಟ್ಟೆಯಲ್ಲಿ ಕಬ್ಬು, ಅವರೆಕಾಯಿ, ಬೇಯಿಸಿದ ಗೆಣಸು. ಗೆಣಸು ಮಾತ್ರ ಸಪ್ಪೆ, ಬರೀ ನಾರು. ಅಕ್ಕ ನಂಜಪ್ಪನವರ ಮನೆಗೂ ಕಳಿಸಿದ್ದಳು. ಅವರು ಅಗಿಯುತ್ತಲೇ ಬಂದರು.

"ಮೇಷ್ಟ್ರೇ, ಒತ್ತಾರೆಯಿಂದ ಅಗೀತಾನೇ ಇವ್ನಿ, ಒಳೀಕೆ ಓಯ್ತಾನೇ ಇಲ್ಲ!"

ನಾನು ಜಗಲಿಯ ಮೇಲೆದ್ದು ನಿಂತೆ. ಹಬ್ಬದ ಹೊತ್ತಿನಲ್ಲಿ ಸತ್ವಹೀನ ಗೆಣಸು ಮಾರಿ ಜನರನ್ನು ಸುಲಿಯುವ ಸಂತೆಯ ವಂಚಕರನ್ನು ಖಂಡಿಸತೊಡಗಿದೆ. ಅರ್ಧ ಬೀದಿ ನೆರೆಯಿತು. ಖಂಡನಾ ನಿರ್ಣಯ ಮಂಡಿಸಬೇಕು, ಅಷ್ಟರಲ್ಲಿ ರಾಜಮ್ಮ ಗಂಟು ಹಿಡಿದು ಬಂದಳು. ನೇರ ಹಿತ್ತಲಿಗೆ ಹೋದಳು. ತಿರುಗಿ ಬಂದಳು.

"ನನ್ನ ಡೇರೆ ಎಲ್ರೀ?"

"ಅಟ್ಟದ ಮೇಲೆ, ಮರಳಿನ ಮಡಕೆಯಲ್ಲಿ, ಸುಕ್ಷೇಮ!"

ಬಾಗಿಲಲ್ಲಿದ್ದ ಅಕ್ಕ ಬಾಯಿಗೆ ಸೆರಗು ಹಿಡಿದಳು.

"ಅಯ್ಯೋ! ಅದು ಗೆಣ್ಸಲ್ವೇನ್ಲಾ ತಮ್ಮ? ನಮ್ಮೂರಲ್ಲಿ ಗೆಣ್ಸನ್ನೇ ಕಣ್ಲಾ ಅಂಗೆ ಮರಳಲ್ಲಿ ಮಡಗಾದು! ಕೈಗ್ ಸಿಕ್ಕಿದ್ದೆಲ್ಲಾ ಬೇಯಿಸ್ಬುಟ್ನಲ್ಲೋ!"

ನಂಜಪ್ಪನವರು ಬಾಯಲ್ಲಿದ್ದುದನ್ನು ಉಗಿದರು.

"ಭಾಷಣ ಮುಂದ್ವರ್ಸಿ ಮೇಷ್ಟ್ರೇ. ಆ ವಂಚಕ ಯಾರು ಅಂದ್ರಿ?"

ಸಭೆ ವಿಸರ್ಜನೆಯಾಯಿತು. ರಾಜಮ್ಮ ಅಳಲಿಲ್ಲ, ಬೈಯಲಿಲ್ಲ. ಎರಡಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು! ಮಡಕೆಯ ತಳ ಕೆದಕಿ, ಉಳಿದಿದ್ದ ಒಂದೇ ಒಂದು ಗಡ್ಡೆಯನ್ನು ತಂದು ನೆಟ್ಟಳು. ಸುತ್ತಲೂ ಮುಳ್ಳಿನ ಬೇಲಿ ಕಟ್ಟಿದಳು.

"ಉತ್ತಮ ಕ್ರಮ. ಬೀದಿಯ ದನಗಳಿಂದ ರಕ್ಷಣೆ ಅಗತ್ಯ," ಎಂದು ಅನುಮೋದಿಸಿದೆ.

ಅವಳು ಗುದ್ದಲಿಯನ್ನು ಕೋಣೆಯೊಳಗಿಟ್ಟು ಬೀಗ ಹಾಕಿದಳು.

ನಮ್ಮ ಬೀದಿಯ ದನಗಳಿಗೆ ಗುದ್ದಲಿ ಹಿಡಿಯಲು ಬರುವುದಿಲ್ಲ.