ಅರ್ಧ ಗಂಟೆಯ ಜಾತಕ

ಯಾರಿಗೂ ಬೇಡದ ಕೆಲಸವನ್ನು ಶ್ರದ್ಧೆಯಿಂದ ಮಾಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮ ಮನೆಯಲ್ಲಿ ಆ ಸ್ಥಾನ ನನ್ನದು. ಹಿಂದೂಪುರದ ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳಿ ಬಂದವನು, ಸಂಜೆಯಾದರೆ ಸಂಬಳವಿಲ್ಲದ ಇನ್ನೊಂದು ಕೆಲಸಕ್ಕೆ ಕೂರುತ್ತಿದ್ದೆ. ಹೊಸ ಕಂಪ್ಯೂಟರಿಗೆ ಹಳೆಯ ಕಂಪ್ಯೂಟರಿನ ವೇಷ ಹಾಕಿಸಿ, ಅದರಲ್ಲಿ ಓಡಲೊಲ್ಲದ ಹಳೆಯ ಪ್ರೋಗ್ರಾಮುಗಳನ್ನು ಓಡಿಸುವ ಸಾಫ್ಟ್‌ವೇರ್ ಬರೆಯುವ ಕೆಲಸ. ಅಂಥ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಅನ್ನುತ್ತಾರೆ. ಟೆಲಿಫೋನ್ ತಂತಿಯಲ್ಲಿ ಕಿರುಚಿಕೊಂಡು ಇಂಟರ್ನೆಟ್ ಬರುತ್ತಿದ್ದ ಕಾಲ. ಬರೆಯುತ್ತಿದ್ದವರು ನಾವು ಏಳೆಂಟು ಜನ, ಬೇರೆ ಬೇರೆ ದೇಶದವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ನನ್ನ ಹೆಂಡತಿ ಸರೋಜ, ಪರಿಗಿಯವಳು, ಪಕ್ಕದ ಮನೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ವಿವರಿಸಿದ್ದಳು: "ಬದುಕಿರೋ ಕಂಪ್ಯೂಟ್ರು ಬಿಟ್ಟು ಸತ್ತಿರೋದಕ್ಕೆ ತಿಥಿ ಮಾಡ್ತಾ ಕುಂತವ್ರೆ ಕಣಮ್ಮ." ನಾನು ಎಷ್ಟು ಪುಟ ಬರೆದರೂ ಇಷ್ಟು ಸ್ಪಷ್ಟವಾಗಿ ಹೇಳಲಾರೆ.

ಈ ತಿಥಿಯಿಂದ ಉಪಕಾರವಾದ ಮೊದಲ ಮನುಷ್ಯ ಕಲ್ಯಾಣದುರ್ಗದ ನಮ್ಮ ಚಿಕ್ಕಪ್ಪ. ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಜಾತಕ ನೋಡುತ್ತಿದ್ದರು, ಅದೂ ಕಂಪ್ಯೂಟರಿನಲ್ಲಿ. ಹುಡುಗ ಹುಡುಗಿ ಹುಟ್ಟಿದ ಹೊತ್ತು ಹಾಕಿದರೆ ಗುಣ ಲೆಕ್ಕ ಹಾಕುವ ಪ್ರೋಗ್ರಾಮು. ಮೂವತ್ತಾರರಲ್ಲಿ ಹದಿನೆಂಟಾದರೂ ಕೂಡಿಬರಬೇಕು. ಹಳೆಯ ಮಿಶನ್ನು ಧೂಳು ಕುಡಿದು ಕುಡಿದು ಒಂದು ದಿನ ಕಣ್ಣು ಮುಚ್ಚಿತು. ಹೊಸದರಲ್ಲಿ ಆ ಪ್ರೋಗ್ರಾಮು ಏಳಲಿಲ್ಲ. ನಾನು ಅದರ ಫ್ಲಾಪಿಯನ್ನು ಮನೆಗೆ ತಂದು, ನಮ್ಮ ಎಮ್ಯುಲೇಟರಿನಲ್ಲಿ ತಿಂಗಳುಗಟ್ಟಲೆ ಒದ್ದಾಡಿ ಓಡಿಸಿಬಿಟ್ಟೆ. ಹಿಂದೆ ಅರ್ಧ ಗಂಟೆ ಹಿಡಿಯುತ್ತಿದ್ದ ಲೆಕ್ಕ ಈಗ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಚಿಕ್ಕಪ್ಪನ ಮನೆಯಲ್ಲಿ ಅದನ್ನು ಕೂಡಿಸಿಕೊಟ್ಟು, ಹೊಗಳಿಕೆಗಾಗಿ ಕಾದು ಕೂತೆ.

ಬಂದದ್ದು ಚಿಕ್ಕಪ್ಪನ ಫೋನು. "ಏನ್ಲಾ ಇದು, ನಿನ್ ಮಿಶನ್ನು ಸಂಬಂಧ ಕಿತ್ತಾಕ್ಬುಡ್ತು ಕಣ್ಲಾ!"

ಆದದ್ದಿಷ್ಟು. ಬ್ರಹ್ಮಸಮುದ್ರದ ಭಾಗ್ಯ ಅನ್ನುವ ಹುಡುಗಿ, ಚಿಕ್ಕಪ್ಪನ ಹಳೆಯ ಸ್ನೇಹಿತರ ಮಗಳು, ಹೊಲಿಗೆ ಕಲಿತವಳು. ಕಲ್ಯಾಣದುರ್ಗದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಹುಡುಗ. ಇಬ್ಬರಿಗೂ ಮನಸ್ಸಿತ್ತು. ಎರಡೂ ಮನೆಯವರು ಬಂದು ಚಾಪೆಯ ಮೇಲೆ ಕೂತದ್ದೇ ತಡ, ಮಿಶನ್ನು "ಹದಿನಾಲ್ಕು" ಅಂದುಬಿಟ್ಟಿತು. ಕಾಫಿಗೆ ನೀರಿಟ್ಟಿದ್ದ ಚಿಕ್ಕಮ್ಮ ಹೊರಗೆ ಬಂದು ನೋಡುವಷ್ಟರಲ್ಲಿ ಚಾಪೆ ಖಾಲಿ. ಭಾಗ್ಯ ಅಳುತ್ತಾ ಬಸ್ಸು ಹತ್ತಿದ್ದಳಂತೆ.

"ಹಳೇ ಮಿಶನ್ನಲ್ಲೂ ಹದಿನಾಲ್ಕೇ ಬತ್ತಿತ್ತಲ್ಲ ಚಿಕ್ಕಪ್ಪ?" ಅಂದೆ ನಾನು, ಗಣಿತದ ಮೇಷ್ಟರ ಬುದ್ಧಿ.

"ಬತ್ತಿತ್ತು ಕಣಪ್ಪ. ಅದು ಬರೋ ಗಂಟ ಅವ್ರು ಕುಂತಿರ್ತಿದ್ರು. ಕುಂತೋರು ಮಾತಾಡ್ತಿದ್ರು. ನಾನು ಜಾತ್ಕ ನೋಡೋದು ಅಂದ್ರೆ ಏನು ಅಂದ್ಕಂಡಿದ್ದೀಯಾ?"

ಅವರ ಮಾತು ನನಗೆ ನಾಟಿತು. ಎಮ್ಯುಲೇಟರಿನ ಗೆಳೆಯರಿಗೆ ಪತ್ರ ಬರೆದೆ: ಓಟವನ್ನು ಬೇಕಾದಷ್ಟು ತಗ್ಗಿಸುವ ಏರ್ಪಾಡು ಬೇಕು. ವೇಗಕ್ಕಾಗಿ ವರ್ಷಗಟ್ಟಲೆ ಹೆಣಗಿದ ಮಹಾನುಭಾವರು ಅವರು. ಎಷ್ಟು ನಿಧಾನ ಬೇಕು ಎಂದು ಒಬ್ಬ ಕೇಳಿದ. ಎರಡು ಸುತ್ತು ಕಾಫಿ, ಒಂದು ಸಣ್ಣ ಜಗಳ ಆಗುವಷ್ಟು ಎಂದು ಬರೆದೆ. ಹಾಗಾದರೆ ನೀನೇ ಬರೆದುಕೋ ಎಂದು ಉತ್ತರ ಬಂತು. ಬರೆದೆ. ಜಗತ್ತಿಗೆ ನನ್ನ ಏಕೈಕ ತಾಂತ್ರಿಕ ಕೊಡುಗೆ ನಿಧಾನ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಕಾಲೇಜಿನಲ್ಲಿ ಮೊದಲೇ ಆ ಹೆಸರಿತ್ತು.

ಭಾನುವಾರ ಕಲ್ಯಾಣದುರ್ಗಕ್ಕೆ ಹೋಗಿ ಅದನ್ನು ಹಾಕಿದೆ. "ಮಿಶನ್ನು ಅವಸರ ಬಿದ್ಬುಡ್ತು, ಸಾವಧಾನವಾಗಿ ಇನ್ನೊಂದ್ಸಲ ನೋಡಾನ" ಎಂದು ಚಿಕ್ಕಪ್ಪ ಎರಡೂ ಮನೆಯವರನ್ನು ಮತ್ತೆ ಕರೆಸಿದ್ದರು. ತೆರೆಯ ಮೇಲೆ "ಪ್ಲೀಸ್ ವೇಟ್" ಬಂತು. ಮೊದಲ ಹತ್ತು ನಿಮಿಷ ಎಲ್ಲರೂ ಅದನ್ನೇ ನೋಡಿದರು. ಕಾಫಿ ಬಂತು. ಭಾಗ್ಯಳ ಅಪ್ಪ, ಮೇಲಿಂದ ಮೇಲೆ ಸುಡುತ್ತಿದ್ದ ತಮ್ಮ ಮೋಟಾರಿನ ಕಥೆ ತೆಗೆದರು. ಹುಡುಗ ಚಾಪೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಕಾರಣ ಹೇಳಿದ. ಹುಡುಗನ ತಾಯಿ, ಭಾಗ್ಯ ಹಾಕಿದ್ದ ರವಿಕೆ ಹೊಲಿದವರು ಯಾರು ಎಂದು ಕೇಳಿದರು. "ನಾನೇ ಕಣತ್ತೆ" ಎಂದಳು. ಆಕೆ ತಮ್ಮ ರವಿಕೆಯ ತೋಳು ಬಿಗಿಯಾಗಿರುವ ಸಂಕಟ ತೋಡಿಕೊಂಡರು. ಚಿಕ್ಕಮ್ಮನ ಸೂಜಿ ಈಸಿಕೊಂಡು ಭಾಗ್ಯ ಅಲ್ಲೇ ಹೊಲಿಗೆ ಬಿಚ್ಚತೊಡಗಿದಳು.

ಆಗ ಬಂತು ಹದಿನಾಲ್ಕು. ಒಂದು ಕೂಡ ಹೆಚ್ಚಿಲ್ಲ. ಹುಡುಗನ ತಾಯಿ ಅರ್ಧ ಬಿಚ್ಚಿದ ತೋಳನ್ನು ಹಿಡಿದುಕೊಂಡೇ ತೆಲುಗಿನಲ್ಲಿ, "ಪದ್ನಾಲುಗು ಚಾಲದಾ ಏಂದಿ? ಮಾದಿ ಎಂತೊಚ್ಚಿಂದೋ ಎವುರು ಚೂಸಿನಾರು?" ಅಂದರು. ಹದಿನಾಲ್ಕು ಸಾಲದೇನು, ನಮ್ಮದು ಎಷ್ಟು ಬಂದಿತ್ತೋ ಕಂಡವರು ಯಾರು? ಆಕೆಯ ಗಂಡ ಕಾಫಿ ಲೋಟದೊಳಗೆ ನೋಡುತ್ತಾ ಹೌದೆಂದು ತಲೆಯಾಡಿಸಿದರು. ಭಾಗ್ಯ ಸೂಜಿಯಿಂದ ತಲೆ ಎತ್ತಲಿಲ್ಲ, ಆದರೆ ನಕ್ಕಳು. ನನಗೆ ಕಣ್ಣು ತುಂಬಿ ಬಂತು.

ಹಿಂದೂಪುರದ ಬಸ್ಸಿನಲ್ಲಿ ಆ ಮಾತು ನನ್ನ ಬೆನ್ನು ಹತ್ತಿತು. ನಮ್ಮದು ಎಷ್ಟು ಬಂದಿತ್ತು? ನನ್ನ ಮತ್ತು ಸರೋಜಳ ಜಾತಕವನ್ನೂ ಚಿಕ್ಕಪ್ಪ ಅದೇ ಹಳೆಯ ಮಿಶನ್ನಿನಲ್ಲಿ ಹಾಕಿದ್ದರು. ಲೆಕ್ಕ ನಡುವಿಗೆ ಬಂದಾಗ ಕರೆಂಟು ಹೋಯಿತು. ಕಾದರು, ಬರಲಿಲ್ಲ. ಹೊತ್ತಾಯಿತೆಂದು ಎಲೆ ಹಾಕಿದರು. ಉಂಡ ಮೇಲೆ ಒಲ್ಲೆ ಅನ್ನುವುದು ಹೇಗೆ? ಕರೆಂಟು ಬಂದ ಮೇಲೂ ಯಾರೂ ಮತ್ತೆ ಹಾಕಲಿಲ್ಲ. ಎಮ್ಯುಲೇಟರಿನ ಪರೀಕ್ಷೆಗೆಂದು ನಾನು ಅಣ್ಣ ಅತ್ತಿಗೆಯರದು, ಪ್ರಿನ್ಸಿಪಾಲರದು, ಎಲ್ಲರ ಜಾತಕ ಓಡಿಸಿದ್ದೆ, ನಮ್ಮದೊಂದನ್ನು ಬಿಟ್ಟು. ವಿಜ್ಞಾನದ ಮನುಷ್ಯ ನಾನು, ಜಾತಕ ನಂಬುವವನಲ್ಲ. ಆದರೂ ಬೆರಳು ಆ ಕಡೆ ಹೋಗಿರಲಿಲ್ಲ.

ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಸರೋಜಳಿಗೆ ಎಲ್ಲ ಹೇಳಿ, "ನಮ್ಮದೂ ಒಂದ್ಸಲ ನೋಡಾಣವಾ?" ಅಂದೆ.

"ನಾನು ಆಗ್ಲೇ ನೋಡ್ದೆ. ನೀವು ಅತ್ಲಾಗೆ ಬಸ್ ಹತ್ತಿದ್ರಿ, ಇತ್ಲಾಗೆ ಹಾಕ್ದೆ. ಚಿಟಿಕೆ ಹೊಡೆಯಾದ್ರಾಗೆ ಬಂದ್ಬುಡ್ತು."

"ಎಷ್ಟು ಬಂತು?"

ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ಕುಂತ್ಕಳ್ರಿ, ಕಾಪಿ ತತ್ತೀನಿ" ಎಂದು ಒಳಗೆ ಹೋದಳು.

ಆ ಕಾಫಿ ಬರಲು ಅರ್ಧ ಗಂಟೆ ಹಿಡಿಯಿತು. ನಾನು ಮತ್ತೆ ಕೇಳಲಿಲ್ಲ.