ಸಿ ಪರವಾಗಿ ಲಾಯ್ಡರ ವರದಿ

ಕಾಪುವಿನ ಐಸ್ ಪ್ಲಾಂಟಿನ ಯಜಮಾನರಿಗೆ ಯಾರೋ ಮದುವೆಯೂಟದಲ್ಲಿ ಹೇಳಿದರಂತೆ, "ನಿಮ್ಮ ಪ್ಲಾಂಟ್ ನಡೆಸುವ ಪ್ರೋಗ್ರಾಮು ಸಿ ಭಾಷೆಯಲ್ಲಿ ಉಂಟಲ್ವಾ? ಅದು ಹಳತಾಯಿತು." ಅಷ್ಟೇ. ಮರುದಿನ, ಆ ಪ್ರೋಗ್ರಾಮು ಮಾಡಿಕೊಟ್ಟ ಮಣಿಪಾಲದ ಆಫೀಸಿನಲ್ಲಿ ಲಾಯ್ಡರು ಟಿಫಿನ್ ಚೀಲ ಇಳಿಸುವ ಮೊದಲೇ ಮ್ಯಾನೇಜರ್ ಎಡ್ಮಂಡ್ ಕರೆದರು.

"ಸಿ, ಸಿ ಪ್ಲಸ್ ಪ್ಲಸ್, ರಸ್ಟ್. ಮೂರೂ ಭಾಷೆಗಳನ್ನು ಹೋಲಿಸಿ ನಾಲ್ಕು ಗಂಟೆಗೆ ವರದಿ ಕೊಡಿ. ಒಳ್ಳೆಯದು ಯಾವುದೋ ಅದರಲ್ಲೇ ಹೊಸತಾಗಿ ಬರೆಯುವ."

ಆ ಪ್ರೋಗ್ರಾಮನ್ನು ಹದಿನೆಂಟು ವರ್ಷದ ಹಿಂದೆ ಬರೆದವರು ಲಾಯ್ಡರೇ. ಬರುವುದೂ ಸಿ ಒಂದೇ. ಸಿ ಹೋದರೆ ನಲವತ್ತೊಂಬತ್ತನೇ ವಯಸ್ಸಿನಲ್ಲಿ ಅವರೂ ಹೋಗಬೇಕು. ಮಗಳು ಶಾರ್ಲೆಟ್ ಇನ್ನೂ ಎಂಟನೇ ಕ್ಲಾಸು.

ಸುದ್ದಿ ತಿಳಿದದ್ದೇ ಸಹೋದ್ಯೋಗಿಗಳಿಬ್ಬರು ಸಾವಿನ ಮನೆಗೆ ಬಂದವರ ಹಾಗೆ ಕುರ್ಚಿ ಎಳೆದುಕೊಂಡು ಕುಳಿತರು.

"ಸಿ ಅಂದರೆ ಬ್ರೇಕಿಲ್ಲದ ಎಕ್ಸ್‌ಪ್ರೆಸ್ ಬಸ್ಸು ಸರ್," ಎಂದ ಸಿ ಪ್ಲಸ್ ಪ್ಲಸ್ ಬರೆಯುವ ಜಿತೇಶ್.

"ಬ್ರೇಕ್ ಉಂಟು ಮಾರಾಯ, ಡ್ರೈವರ್ ಒತ್ತಬೇಕು," ಎಂದರು ಲಾಯ್ಡರು. "ನಿನ್ನದು ಎಂತ? ಸಿಯ ಹಳೇ ಸಾಮಾನೂ ಉಂಟು, ಅದರ ಮೇಲೆ ಹೊಸತೂ ಉಂಟು. ಯಾವ ಕೀಲಿ ಯಾವ ಕಪಾಟಿಗೆ ಅಂತ ಮನೆಯವರಿಗೇ ಗೊತ್ತಿಲ್ಲ."

"ಅದಕ್ಕೇ ರಸ್ಟ್," ಎಂದಳು ದಿನಾ ಕಾರ್ಕಳದಿಂದ ಬರುವ ಅಕ್ಷಿತಾ. "ತಪ್ಪು ಮಾಡಲಿಕ್ಕೆ ಬಿಡುವುದೇ ಇಲ್ಲ."

"ಸರಿ ಮಾಡಲಿಕ್ಕೂ ಬಿಡುವುದಿಲ್ಲ," ಎಂದ ಜಿತೇಶ್. "ಹಾಸ್ಟೆಲ್ ವಾರ್ಡನ್ ಅದು."

ಮಾತಿನಲ್ಲಿ ಮುಗಿಯಲಿಲ್ಲ. ಜಿತೇಶ್ ಪ್ರೋಗ್ರಾಮಿನ ಒಂದು ನಕಲು ತೆರೆದು, ಗಿರಾಕಿಯ ಹೆಸರಿನ ಜಾಗದಲ್ಲಿ ತನ್ನ ಹಳೇ ಟೀಚರ್ ಅಪೊಲೋನಿಯಾ ಬಾಯಿಯ ಹೆಸರನ್ನು ಗಂಡ, ಮಾವ, ಮನೆಹೆಸರು ಸಮೇತ ಒತ್ತಿದ. ಲಾಯ್ಡರು ಹೆಸರಿಗೆಂದು ಅಳೆದಿಟ್ಟದ್ದು ಮೂವತ್ತೇ ಅಕ್ಷರದ ಜಾಗ. ಮಿಕ್ಕವು ಪಕ್ಕದಲ್ಲಿದ್ದ ಉಷ್ಣಾಂಶದ ಜಾಗಕ್ಕೆ ನುಗ್ಗಿದವು. ಪರದೆಯಲ್ಲಿ ಇಪ್ಪತ್ತೈದು ಸಾವಿರ ಡಿಗ್ರಿ.

"ಐಸಲ್ಲ ಸರ್, ಕಬ್ಬಿಣ ಹಬೆಯಾಗುತ್ತದೆ!" ಎಂದು ಕೂಗಿದ ಜಿತೇಶ್.

ಎಡ್ಮಂಡ್ ಓಡಿಬಂದರು. "ಮೂವರೂ ಇದೊಂದನ್ನು ನಿಮ್ಮ ನಿಮ್ಮ ಭಾಷೆಯಲ್ಲಿ ಸರಿ ಮಾಡಿ ತೋರಿಸಿ. ಮೂರು ಗಂಟೆಗೆ."

ಲಾಯ್ಡರು ಊಟ ಬಿಟ್ಟರು. ಮೂರು ಗಂಟೆಗೆ ಜಿತೇಶನ ಪರದೆಯಲ್ಲಿ ನಾಲ್ಕು ಪುಟದ ತಪ್ಪಿನ ಪಟ್ಟಿ. ಬಿಟ್ಟುಹೋದದ್ದು ಮಾತ್ರ ಒಂದೇ ಚಿಹ್ನೆ. ಅಕ್ಷಿತಾಳಿಗೆ ರಸ್ಟ್ ಪ್ರೋಗ್ರಾಮು ಓಡಿಸಲಿಕ್ಕೆ ಇನ್ನೂ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. "ನನ್ನ ಒಳ್ಳೆಯದಕ್ಕೇ ಸರ್," ಎಂದಳು ಅಳು ನುಂಗಿ. ಲಾಯ್ಡರದ್ದು ಓಡಿತು. ಹೆಸರಿನ ಬಾಲ ಕತ್ತರಿಸಿ, ಮೈನಸ್ ಹನ್ನೆರಡು ಡಿಗ್ರಿ ತೋರಿಸಿತು.

ಆ ಹುರುಪಿನಲ್ಲಿ ವರದಿ ಬರೆದರು: ರಸ್ಟ್ ಬರೆಯುವವನನ್ನು ನಂಬುವುದಿಲ್ಲ, ಸಿ ಪ್ಲಸ್ ಪ್ಲಸ್ ಅರ್ಧ ನಂಬುತ್ತದೆ, ಸಿ ಪೂರ್ತಿ ನಂಬುತ್ತದೆ, ಅದೇ ಅದರ ಬಲ, ಅದೇ ದೋಷ. ಆದರೆ ಈ ಪ್ರೋಗ್ರಾಮು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನಿಂತಿಲ್ಲ, ಮುಂದೆಯೂ ನಿಲ್ಲುವುದಿಲ್ಲ, ಯಾರೂ ಮುಟ್ಟುವ ಅಗತ್ಯವಿಲ್ಲ. ಕೆಳಗೆ ಸಹಿ.

ಐದು ಗಂಟೆಗೆ ಎಡ್ಮಂಡ್ ಕೈಕುಲುಕಿದರು. "ಯಜಮಾನರು ಒಪ್ಪಿದರು ಲಾಯ್ಡ್. ಸಿಯೇ ಇರಲಿ ಅಂದರು."

ಲಾಯ್ಡರು ಬೆಳಗ್ಗಿನಿಂದ ಹಿಡಿದಿದ್ದ ಉಸಿರು ಬಿಟ್ಟರು.

"ಯಾರೂ ಮುಟ್ಟುವುದು ಬೇಡವಾದರೆ ಅದನ್ನು ನೋಡಿಕೊಳ್ಳುವ ಜನಕ್ಕೆ ನಾನು ಯಾಕೆ ದುಡ್ಡು ಕೊಡುವುದು ಅಂತಲೂ ಕೇಳಿದರು. ಹೌದಲ್ವಾ ಅಂದೆ. ಈ ತಿಂಗಳ ಕೊನೆಯವರೆಗೆ ಬನ್ನಿ."

"ಜಿತೇಶ್, ಅಕ್ಷಿತಾ?"

"ಅವರು ಬರೆದದ್ದು ದಿನಾ ಎಂತಾದರೂ ಹಾಳಾಗುತ್ತದೆ ಅಲ್ವಾ? ಅವರು ಬೇಕು."

ಲಾಯ್ಡರು ಕುರ್ಚಿ ಎಳೆದು ಕುಳಿತರು. "ಸರ್, ಒಂದು ವೇಳೆ ಇದೂ ನಿಂತರೆ?"

ಎಡ್ಮಂಡ್ ವರದಿಯ ಕೊನೆಯ ಪುಟ ತೆರೆದು, ಲಾಯ್ಡರ ಸಹಿಯ ಪಕ್ಕ ಬೆರಳಿಟ್ಟರು.

"ನಿಲ್ಲುವುದಿಲ್ಲ ಅಂತ ಬರೆದದ್ದು ಯಾರು?"